ಬೆತ್ತ ತಿಂದ ಬೆರಳು

ಬೆತ್ತ ನೀರಿನಲ್ಲಿ ಚೆನ್ನಾಗಿ ನೆನೆಯಬೇಕು. ನೆನೆದರೆ ಬಗ್ಗುತ್ತದೆ. ನೆನೆಯದಿದ್ದರೆ ಸೀಳುತ್ತದೆ, ಸೀಳಿದ್ದು ಬೆರಳಿಗೆ ಹೊಗುತ್ತದೆ. ಬೆಳಿಗ್ಗೆ ಎದ್ದು ಕಲ್ಲಿನ ತೊಟ್ಟಿಯೊಳಗೆ ಮೊಳಕೈವರೆಗೆ ಕೈ ಇಳಿಸಬೇಕು. ಒಳಗೆ ತಣ್ಣಗೆ ಸುತ್ತಿಕೊಂಡು ಬಿದ್ದಿರುವ ಎಳೆಗಳಲ್ಲಿ ಬಗ್ಗುವುದು ಯಾವುದು, ಚುಚ್ಚುವುದು ಯಾವುದು ಎಂದು ಮುಟ್ಟಿ ಆರಿಸಬೇಕು. ಈ ಕೆಲಸಕ್ಕೆ ಕಣ್ಣು ಬೇಕಿಲ್ಲ. ಅದಕ್ಕೇ ಕುರುಡು ಮಕ್ಕಳ ಶಾಲೆಯಲ್ಲಿ ಈ ಕೆಲಸವಿತ್ತು.

ಅದು ಶಾಲೆ ಎಂದು ಗೇಟಿನ ಮೇಲೆ ದೊಡ್ಡ ಬೋರ್ಡು ಇತ್ತಂತೆ. ಅಲ್ಲಿನ ಮಕ್ಕಳು ಯಾರೂ ಅದನ್ನು ಓದಿರಲಿಲ್ಲ. ಅದನ್ನು ಬಣ್ಣದಲ್ಲಿ ಬರೆಸಿದ್ದರು.

ಏಳನೇ ಕ್ಲಾಸಿನವರೆಗೆ ಕೋಣೆಯೊಳಗೆ ಕೂರಿಸಿ ಪಾಠ. ಏಳು ಮುಗಿದವರಿಗೆ ಶೆಡ್ಡು. ಹಾಜರಿ ಪುಸ್ತಕದಲ್ಲಿ ಮಾತ್ರ ಅವರು ಎಂಟು, ಒಂಬತ್ತು, ಹತ್ತು ಎಂದು ಮೇಲೇರುತ್ತಲೇ ಇರುತ್ತಿದ್ದರು. ಪುಸ್ತಕದಲ್ಲಿ ಏರಿದಂತೆ ಶೆಡ್ಡಿನಲ್ಲಿ ಅವರ ಕುರ್ಚಿಯೂ ದೊಡ್ಡದಾಗುತ್ತಿತ್ತು. ಎಂಟನೆಯವರಿಗೆ ಕೈಯಿಲ್ಲದ ಕುರ್ಚಿ. ಒಂಬತ್ತನೆಯವರಿಗೆ ಕೈಯಿರುವ ಕುರ್ಚಿ. ಹತ್ತನೆಯವರಿಗೆ ಒರಗು ಕುರ್ಚಿ, ಅದಕ್ಕೆ ಎಳೆ ಜಾಸ್ತಿ, ಎಳೆತ ಜಾಸ್ತಿ, ಅಂಗೈ ಸೀಳುವುದೂ ಜಾಸ್ತಿ.

ಶೆಡ್ಡಿನಲ್ಲಿ ಹನ್ನೆರಡು ಜನ. ಅವರಲ್ಲಿ ಒಬ್ಬಳನ್ನು ಎಲ್ಲರೂ ಗಿಣಿ ಎಂದು ಕರೆಯುತ್ತಿದ್ದರು. ಹದಿನೇಳು ವರ್ಷ. ಕೆಲಸವಿಲ್ಲದಾಗ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಗೋಡೆ, ತಟ್ಟೆಯ ಅಂಚು, ಪಕ್ಕದವಳ ಬೆನ್ನು, ಸಿಕ್ಕಿದ್ದರ ಮೇಲೆ ಬೆರಳು ಹರಿದಾಡುತ್ತಿತ್ತು, ಏನೋ ಕಳೆದುಕೊಂಡು ಹುಡುಕುವವರ ಹಾಗೆ.

"ನನ್ನ ಬೆನ್ನಲ್ಲಿ ಏನು ಬರ್ದಿದೆಯೇ, ದಿನಾ ಓದ್ತೀಯ?" ಎಂದು ಪಕ್ಕದಲ್ಲಿ ಕೂರುವ ಚೋಟು ಕೇಳುತ್ತಿದ್ದಳು.

"ಸ್ನಾನ ಮಾಡಿಲ್ಲ ಅಂತ ಬರ್ದಿದೆ."

"ಅದಕ್ಕೆ ಬೆರಳು ಯಾಕೆ, ಮೂಗು ಸಾಕಲ್ಲ."

ಗಿಣಿ ಎಂಬ ಹೆಸರನ್ನು ಇಟ್ಟವನು ಗೊಂಚಲು. ಗೊಂಚಲು ಎಂದರೆ ಸೂಪರಿಂಟೆಂಡೆಂಟು. ಸೊಂಟಕ್ಕೆ ಬೀಗದಕೈಗಳ ಗೊಂಚಲು ಕಟ್ಟಿಕೊಂಡು ನಡೆಯುತ್ತಿದ್ದ. ಅವನು ಬರುವುದು ಅವನಿಗಿಂತ ಮೊದಲು ಗೊತ್ತಾಗುತ್ತಿತ್ತು. ಎಷ್ಟೋ ಸಲ ಅವನು ಮೂಲೆ ತಿರುಗುವ ಹೊತ್ತಿಗೆ ಶೆಡ್ಡಿನಲ್ಲಿ ಮಾತು ನಿಂತು ಕೈಗಳೆಲ್ಲ ಓಡತೊಡಗುತ್ತಿದ್ದವು. "ಎಷ್ಟು ಶಿಸ್ತು ನೋಡಿ" ಎಂದು ಅವನು ಬಂದವರಿಗೆ ತೋರಿಸುತ್ತಿದ್ದ.

ಬರುವವರು ದಾನಿಗಳು. ಸಮುದ್ರ ದಾಟಿ ಬರುವವರು. ಅವರು ಕನ್ನಡದಲ್ಲೇ ಅಚ್ಚು ಮಾಡಿಸಿ ಪುಸ್ತಕ ಕಳಿಸುತ್ತಿದ್ದರು, ಒಂದೊಂದೂ ತಲೆದಿಂಬಿನಷ್ಟು ದಪ್ಪ, ಹಾಳೆಯ ಮೇಲೆ ಉಬ್ಬಿದ ಚುಕ್ಕಿಗಳ ಸಾಲು. ಆ ಪುಸ್ತಕಗಳು ಆಫೀಸಿನ ಗಾಜಿನ ಬೀರುವಿನಲ್ಲಿ ಇರುತ್ತಿದ್ದವು. ಬೀರುವಿಗೆ ಬೀಗ. ಒಮ್ಮೆ ಗಿಣಿ ಕೇಳಿದ್ದಳು.

"ಸಾರ್, ಒಂದು ಪುಸ್ತಕ ಕೊಡ್ತೀರಾ, ಓದಿ ಕೊಡ್ತೀನಿ."

"ಮುಟ್ಟಿದ್ರೆ ಚುಕ್ಕಿ ಸವೀತದೆ ಕಣಮ್ಮ. ಅಷ್ಟು ದೂರದಿಂದ ಕಳ್ಸಿದ್ದಾರೆ. ಹಾಳು ಮಾಡೋಕಾಗತ್ತಾ?"

ದಾನಿಗಳು ಬಂದ ದಿನ ಮಾತ್ರ ಬೀಗ ತೆರೆಯುತ್ತಿತ್ತು. ಒಂದು ಪುಸ್ತಕ ಹೊರಬರುತ್ತಿತ್ತು. ಅದನ್ನು ಗಿಣಿಯ ತೊಡೆಯ ಮೇಲೆ ಇಡುತ್ತಿದ್ದರು. ಅವಳು ಓದಬೇಕು. ಓದು ಎಂದರೆ ಓದಲ್ಲ. ಗೊಂಚಲು ತಾನೇ ಬರೆದು, ಐದು ವರ್ಷ ಹಿಂದೆ ಅವಳಿಗೆ ಬಾಯಿಪಾಠ ಮಾಡಿಸಿದ ಹನ್ನೊಂದು ಸಾಲು. "ಬೆಳಕು ಎಂದರೇನು ಎಂದು ನನಗೆ ತಿಳಿದಿರಲಿಲ್ಲ. ನಿಮ್ಮ ಕೈ ನನ್ನ ತಲೆಯ ಮೇಲೆ ಬಂದಾಗ ತಿಳಿಯಿತು." ಹೀಗೆ ಶುರು. ಬೆರಳನ್ನು ಸಾಲಿನ ಮೇಲೆ ಎಳೆಯುತ್ತ ಹೇಳಬೇಕು. ನಾಲ್ಕನೇ ಸಾಲಿನಲ್ಲಿ ಗಂಟಲು ಕಟ್ಟಬೇಕು. ಮೊದಮೊದಲು ಕಟ್ಟುತ್ತಿರಲಿಲ್ಲ. ಆಮೇಲೆ ಅಭ್ಯಾಸವಾಯಿತು. ಈಗ ನಾಲ್ಕನೇ ಸಾಲು ಬಂದರೆ ಗಂಟಲು ತಾನಾಗಿ ಕಟ್ಟುತ್ತಿತ್ತು, ಆಕಳಿಕೆ ಬಂದ ಹಾಗೆ. ಬಂದವರು ಮೂಗು ಒರೆಸಿಕೊಳ್ಳುವುದು ಕೇಳಿಸುತ್ತಿತ್ತು.

ಅವನು ಕೊಡುವ ಪುಸ್ತಕ ಒಮ್ಮೊಮ್ಮೆ ತಲೆಕೆಳಗಾಗಿರುತ್ತಿತ್ತು. ಅವನಿಗೆ ಚುಕ್ಕಿ ಓದಲು ಬರುತ್ತಿರಲಿಲ್ಲ. ಅವಳು ತಿರುಗಿಸುವ ಗೋಜಿಗೆ ಹೋಗುತ್ತಿರಲಿಲ್ಲ.

ಆದರೆ ಒಂದು ಕಾಲದಲ್ಲಿ ಅವಳು ನಿಜವಾಗಿ ಓದುತ್ತಿದ್ದಳು. ಎಂಟು ವರ್ಷದವಳಿದ್ದಾಗ ಒಬ್ಬ ಟೀಚರು ಇದ್ದರು. ಬೆರಳು ಹಿಡಿದು ಆರು ಚುಕ್ಕಿಗಳ ಮನೆ ತೋರಿಸಿದವರು. ಎಡಗಡೆ ಮೂರು, ಬಲಗಡೆ ಮೂರು, ಅಷ್ಟೇ, ಜಗತ್ತಿನಲ್ಲಿರೋದೆಲ್ಲ ಈ ಆರರಲ್ಲಿ ಹಿಡಿಸತ್ತೆ ಎಂದವರು. ಅವರ ಹತ್ತಿರ ಸ್ವಂತದ್ದು ನಾಲ್ಕು ಪುಸ್ತಕವಿತ್ತು. ನಾಲ್ಕನ್ನೂ ಗಿಣಿ ನುಂಗಿ ನೀರು ಕುಡಿದಿದ್ದಳು. ಬೆರಳು ಇಟ್ಟರೆ ಸಾಕು, ಸಾಲು ತಾನಾಗಿ ಒಳಗೆ ಹರಿಯುತ್ತಿತ್ತು. ಟೀಚರು ಬೇರೆ ಕಡೆ ಹೋದರು. ಪುಸ್ತಕವೂ ಅವರ ಜೊತೆ ಹೋಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅವಳಿಗೆ ಏಳು ಮುಗಿಯಿತು. ಶೆಡ್ಡು ಬಂತು.

ಈಗ ಅವಳಿಗೆ ಬೇಕಾದದ್ದು ಒಂದೇ. ಹತ್ತನೇ ಕ್ಲಾಸಿನ ಪರೀಕ್ಷೆ. ಹೊರಗಿನ ಮಕ್ಕಳೆಲ್ಲ ಬರೆಯುವ, ಸರ್ಕಾರದವರು ನಡೆಸುವ ಪರೀಕ್ಷೆ. ಅವಳು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೊಡುತ್ತಾರಂತೆ. ಅಡುಗೆ ಅಕ್ಕ ತನ್ನ ಮಗನ ಹಳೇ ಪುಸ್ತಕ ತಂದು, ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಅರ್ಧ ಗಂಟೆ ಓದಿ ಹೇಳುತ್ತಿದ್ದಳು. ಕಷ್ಟದ ಪದ ಬಂದರೆ ಹಾರಿಸುತ್ತಿದ್ದಳು. "ಇಲ್ಲೊಂದು ಉದ್ದಂದು ಇದೆ ಕಣೇ, ಬಿಡು, ಅದಿಲ್ದಿದ್ರೂ ನಡೆಯತ್ತೆ." ಹೀಗೆ ಅಕ್ಕ ಬಿಟ್ಟ ಪದಗಳ ತೂತುಗಳೊಂದಿಗೇ ಗಿಣಿ ಎರಡು ವರ್ಷ ಓದಿದ್ದಳು.

ಪರೀಕ್ಷೆಗೆ ಒಂದು ಫಾರಂ. ಫಾರಮಿಗೆ ಸೂಪರಿಂಟೆಂಡೆಂಟರ ಸಹಿ, ಮೊಹರು. ಹೋದ ವರ್ಷ ಗೊಂಚಲು ಮಾಡೋಣ ಮಾಡೋಣ ಎಂದು ದಿನ ದೂಡಿದ್ದ. ಈ ವರ್ಷ ಅವನೇ ಕರೆದು ಹೇಳಿದ.

"ಫಾರಂ ಇಲ್ಲೇ ಇದೆ, ಮೇಜಿನ ಮೇಲೆ. ಇದೇ ಗುರುವಾರ ಕೊನೆ ದಿನ. ಬೆಳಿಗ್ಗೆ ದಾನಿಗಳು ಬರ್ತಾರೆ, ಈ ಸಲ ದೊಡ್ಡವರು. ಯಾವಾಗಲೂ ಓದೋ ಹಾಗೆ ಓದು. ಓದಿದ ಮೇಲೆ ಸಹಿ. ಆಯ್ತಾ?"

"ಆಯ್ತು ಸಾರ್."

"ನಾಲ್ಕನೇ ಸಾಲು ಮರೀಬೇಡ."

ಅವಳಿಗೆ ನೆಲ ಕಾಲಿಗೆ ತಾಗಲಿಲ್ಲ. ಚೋಟು ಮಾತ್ರ, "ಇಷ್ಟು ಸುಲಭವಾಗಿ ಒಪ್ಪಿದ್ನಾ? ಮುಟ್ಟಿ ನೋಡಿಕೋ, ಕಿವಿ ಎರಡೂ ಇದೆಯಾ" ಎಂದಳು.

ಆ ಗುರುವಾರಕ್ಕೆ ಮೊದಲಿನ ಭಾನುವಾರ ಅಮ್ಮ ಬಂದಳು.

ಅಮ್ಮ ಇಟ್ಟಿಗೆ ಹೊರುವವಳು. ಕಟ್ಟುವ ಮನೆಗಳ ಹಿಂದೆ ಹಿಂದೆ ಊರೂರು ತಿರುಗುವವಳು. ವರ್ಷಕ್ಕೆ ಎರಡು ಸಲ ಮಗಳನ್ನು ನೋಡಲು ಬರುತ್ತಿದ್ದಳು. ಬಂದಾಗ ಸುಣ್ಣದ ವಾಸನೆ, ಬಿಸಿಲಿನ ವಾಸನೆ. ಮಾತಿಗಿಂತ ಮೊದಲು ಮಗಳ ತಲೆ ಮೂಸುವಳು.

"ನಮ್ಮ ಜೊತೆಯವರಿಗೆಲ್ಲ ಹೇಳಿದೀನಿ, ನನ್ನ ಮಗಳು ಓದ್ತಾಳೆ ಅಂತ. ಕಣ್ಣಿಲ್ದೆ ಹ್ಯಾಗೆ ಓದ್ತಾಳೆ ಅಂತ ನಗ್ತಾರೆ. ನಂಗೂ ಗೊತ್ತಿಲ್ಲ, ಹ್ಯಾಗೆ ಅಂತ. ಒಂದು ಸಲ ಓದಿ ತೋರ್ಸು ಮಗಾ. ಹೋಗಿ ಹೇಳ್ತೀನಿ."

ಗೊಂಚಲಿಗೆ ಅಂದು ಒಳ್ಳೇ ಮನಸ್ಸಿತ್ತು. ಗುರುವಾರ ಎದುರಿಗಿತ್ತಲ್ಲ. ಬೀಗ ತೆಗೆದು ಪುಸ್ತಕ ಕೊಟ್ಟ. "ಹತ್ತು ನಿಮಿಷ" ಎಂದ.

ಗಿಣಿ ವರಾಂಡದ ಮೆಟ್ಟಿಲ ಮೇಲೆ ಕೂತಳು. ಅಮ್ಮ ಒಂದು ಮೆಟ್ಟಿಲು ಕೆಳಗೆ. ಪುಸ್ತಕ ತೆರೆದು ಗಿಣಿ ಬೆರಳಿಟ್ಟಳು. ಎಷ್ಟೋ ದಿನದ ಮೇಲೆ ನಿಜವಾಗಿ ಓದಲೆಂದು ಇಟ್ಟಳು.

ಏನೂ ಇಲ್ಲ.

ಇನ್ನೊಮ್ಮೆ ಇಟ್ಟಳು. ಚುಕ್ಕಿಗಳಿದ್ದವು. ಇವೆ ಎಂದು ಗೊತ್ತಾಗುತ್ತಿತ್ತು. ಮರಳಿನ ಮೇಲೆ ಚಪ್ಪಲಿ ಹಾಕಿಕೊಂಡು ನಡೆದ ಹಾಗೆ. ಕೆಳಗೆ ಮರಳಿದೆ, ಕಾಲಿಗೆ ತಾಗುತ್ತಿಲ್ಲ. ತೋರುಬೆರಳು ಬಿಟ್ಟು ಮಧ್ಯದ ಬೆರಳು ಇಟ್ಟಳು. ಕಿರುಬೆರಳು ಇಟ್ಟಳು. ಎಲ್ಲಾ ತುದಿಗಳ ಮೇಲೂ ಬೆತ್ತದ ಎಳೆ ಎಳೆದೆಳೆದು ಕಟ್ಟಿದ ದಡ್ಡು, ಗೊರಸಿನ ಹಾಗೆ. ಬೆರಳೇ ಕೈಕೊಟ್ಟಿತ್ತು.

"ಓದು ಮಗಾ" ಎಂದಳು ಅಮ್ಮ, ದೊಡ್ಡವರ ಮುಂದೆ ಮಾತಾಡುವಾಗಿನ ಮೆಲುದನಿಯಲ್ಲಿ.

ಗಿಣಿ ಓದಿದಳು. "ಬೆಳಕು ಎಂದರೇನು ಎಂದು ನನಗೆ ತಿಳಿದಿರಲಿಲ್ಲ." ಹನ್ನೊಂದು ಸಾಲೂ ಹೇಳಿದಳು. ಬೆರಳನ್ನು ಎಳೆಯುತ್ತ, ಎಲ್ಲಿಯೂ ತಡವರಿಸದೆ. ನಾಲ್ಕನೇ ಸಾಲಿನಲ್ಲಿ ಗಂಟಲು ಕಟ್ಟಿತು.

ಅಮ್ಮ ಅತ್ತಳು. ಮಗಳ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ತುಟಿಗೆ ಒತ್ತಿಕೊಂಡಳು. ಒತ್ತಿಕೊಳ್ಳುತ್ತಿದ್ದವಳು ತಡೆದಳು. ಹೆಬ್ಬೆರಳಿನಿಂದ ಆ ತುದಿಗಳನ್ನು ಸವರಿದಳು.

"ಇದ್ಯಾಕೆ ಇಷ್ಟು ಗಟ್ಟಿ?"

ಗಿಣಿಗೆ ಒಂದು ಗಳಿಗೆ ಸಿಕ್ಕಿತ್ತು. ಆ ಗಳಿಗೆಯಲ್ಲಿ ನಿಜ ಹೇಳಬಹುದಿತ್ತು.

"ಓದಿ ಓದಿ ಹಾಗಾಗತ್ತಮ್ಮ."

ಅಮ್ಮ ತನ್ನ ಅಂಗೈಯನ್ನು ಮಗಳ ಅಂಗೈಗೆ ಉಜ್ಜಿದಳು. ಎರಡು ಇಟ್ಟಿಗೆ ಉಜ್ಜಿದಂತೆ ಕರಕರ ಎಂದಿತು.

"ಓದೋದು ಇಷ್ಟು ಕಷ್ಟ ಅಂತ ನಂಗೆ ಗೊತ್ತಿರಲಿಲ್ಲ ಮಗಾ" ಎಂದಳು. "ನನ್ನ ಕೈನೇ ಎಷ್ಟೋ ವಾಸಿ."

ಅವಳು ಹೋದಳು. ಜೊತೆಯವರಿಗೆ ಹೇಳಲು ಹೋದಳು.

ಅಂದಿನಿಂದ ಗಿಣಿ ಅನ್ನ ತಟ್ಟೆಯಲ್ಲಿ ಬಿಟ್ಟು ಏಳುತ್ತಿದ್ದಳು. ನಡೆಯುತ್ತಿದ್ದವಳು ನಿಲ್ಲುತ್ತಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಬೆರಳ ತುದಿಗಳನ್ನು ಕಲ್ಲಿಗೆ ಉಜ್ಜತೊಡಗಿದಳು. ಉಜ್ಜುವುದು, ನೀರಿಗೆ ಅದ್ದುವುದು, ಮತ್ತೆ ಉಜ್ಜುವುದು. ಮೆತ್ತಗಾದ ದಡ್ಡನ್ನು ಹಲ್ಲಿನಿಂದ ಕಚ್ಚಿ ಕಿತ್ತು ಉಗಿಯುತ್ತಿದ್ದಳು. ಸೋಮವಾರ ಚರ್ಮ ಹೋಯಿತು. ಮಂಗಳವಾರ ಉರಿ ಬಂತು. ಬುಧವಾರ ಶೆಡ್ಡಿನಲ್ಲಿ ಒದ್ದೆ ಬೆತ್ತ ಹಿಡಿದಾಗ ಕಣ್ಣಿಗೆ ಕತ್ತಲೆ ಕಟ್ಟುತ್ತದೆ ಎನ್ನುತ್ತಾರಲ್ಲ, ಹಾಗೆ ಕಿವಿಗೆ ಕಟ್ಟಿತು. ಏನೂ ಕೇಳಿಸಲಿಲ್ಲ.

ಬೆತ್ತದಜ್ಜ ಅವಳ ಕೈ ಹಿಡಿದುಕೊಂಡ. ಬೆತ್ತದಜ್ಜ ಎಂದರೆ ಶೆಡ್ಡಿನ ಮೇಸ್ತ್ರಿ. ಅವನೂ ಹುಟ್ಟು ಕುರುಡ. ಚಿಕ್ಕಂದಿನಲ್ಲಿ ಇದೇ ಶಾಲೆಗೆ ಸೇರಿದವನು, ಹೊರಗೇ ಹೋಗಲಿಲ್ಲ. ತೊಟ್ಟಿ ತುಂಬುವವನು ಅವನು, ಎಳೆ ಹಂಚುವವನು ಅವನು, ಗಂಟೆ ಬಡಿದರೆ ಎಲ್ಲರನ್ನೂ ಕರೆಯುವವನೂ ಅವನೇ.

"ಏನು ಮಾಡಿಕೊಂಡಿದ್ದೀಯ ಇದನ್ನ?"

"ದಡ್ಡು ತೆಗೀತಿದೀನಿ ಅಜ್ಜ."

"ಯಾಕೆ?"

"ಓದೋಕೆ."

ಅವನು ನಕ್ಕ. ಬೆತ್ತ ಸೀಳಿದಂಥ ನಗೆ. "ನಾಳೆ ಹೇಳೋಕೆ ಬೆರಳು ಯಾಕೆ ಬೇಕು? ಬಾಯಿಪಾಠ ಇದೆಯಲ್ಲ."

"ನಮ್ಮಮ್ಮಂಗೂ ಅದನ್ನೇ ಹೇಳಿ ಕಳಿಸಿದೆ ಅಜ್ಜ."

ಅಜ್ಜ ಅವಳ ಕೈ ಬಿಡಲಿಲ್ಲ. ಸುತ್ತ ಹನ್ನೊಂದು ಜನರ ಕೈ ಓಡುತ್ತಿತ್ತು, ಎಳೆ ಬಿಗಿಯುವಾಗ ಚೌಕಟ್ಟು ಕಿರ್ ಎನ್ನುತ್ತಿತ್ತು.

"ನಂಗೂ ಬರ್ತಿತ್ತು ಓದೋಕೆ" ಎಂದ. "ಭೂಗೋಳದ ಪುಸ್ತಕ ಒಂದಿತ್ತು. ನದಿ ಎಲ್ಲಿ ಹುಟ್ಟತ್ತೆ, ಎಲ್ಲಿ ಸೇರತ್ತೆ ಎಲ್ಲಾ ಬೆರಳಲ್ಲಿ ಇರ್ತಿತ್ತು. ಕಣ್ಣು ಕುರುಡು ಮಾಡಿದ್ದು ದೇವರು ಅಂತಾರೆ, ಇರಲಿ. ಬೆರಳು ಕುರುಡು ಮಾಡಿದ್ದು ಈ ಶೆಡ್ಡು. ದೇವರನ್ನ ಬೈಯೋಕೆ ಯಾರೂ ಬಿಡಲ್ಲ. ಶೆಡ್ಡನ್ನ ಬೈಯೋಕೆ ನಾನೇ ಹೋಗಲಿಲ್ಲ. ಅನ್ನ ಕೊಡ್ತಿತ್ತಲ್ಲ."

"ವಾಪಸ್ಸು ಬರತ್ತಾ ಅಜ್ಜ?"

"ಏನು?"

"ಬೆರಳು."

"ಬೆತ್ತ ಬಿಟ್ರೆ ಬರಬಹುದು. ಯಾರೂ ಬಿಟ್ಟು ನೋಡಿಲ್ಲ."

ಗುರುವಾರ ಬೆಳಿಗ್ಗೆ ಶೆಡ್ಡಿನವರೇ ಸಭೆಯ ಹಾಲಿಗೆ ಕುರ್ಚಿ ಹೊತ್ತರು. ದಾನಿಗಳು ಕೂರಲಿಕ್ಕೆ ಹತ್ತು ಕುರ್ಚಿ, ಎಲ್ಲ ಅವರೇ ಹೆಣೆದವು. ಹೊರುವಾಗ ಗಿಣಿಯ ಕೈ ತಳಕ್ಕೆ ಹೋಗುತ್ತಿತ್ತು. ಹೆಣೆದು ಮುಗಿಸುವ ಗಂಟು ಒಬ್ಬೊಬ್ಬರದು ಒಂದೊಂದು ಥರ. ಅವಳದು ಎಡಕ್ಕೆ ತಿರುಗಿ ಒಳಗೆ ಹೋಗುತ್ತಿತ್ತು. ಮುಂದಿನ ಸಾಲಿನಲ್ಲಿ ಅವಳದೇ ಎರಡು ಕುರ್ಚಿ. ಒಂದು ಕೈಯಿಲ್ಲದ್ದು, ಒಂದು ಕೈಯಿರುವುದು.

ಮಕ್ಕಳನ್ನು ಹಿಂದೆ, ಗಿಣಿಯನ್ನು ಕುರ್ಚಿಗಳ ಎದುರಿಗೆ ನೆಲದ ಮೇಲೆ ಕೂರಿಸಿದರು. ಎಲ್ಲರಿಗೂ ಹೊಸ ಬಟ್ಟೆ, ಗಂಜಿ ಹಾಕಿದ್ದು, ಕತ್ತು ಕೆರೆಯುತ್ತಿತ್ತು. ಸಂಜೆ ಬಿಚ್ಚಿ ವಾಪಸ್ಸು ಕೊಡಬೇಕು.

ಬಂದರು. ಮರದ ಹಿಮ್ಮಡಿಯ ಸದ್ದು, ಹೂವಿನಂಥ ವಾಸನೆ, ಗೊತ್ತಿಲ್ಲದ ಭಾಷೆ. ಅವರ ಜೊತೆ ಒಬ್ಬ ದುಭಾಷಿ, ನಯವಾದ ದನಿ. ದಾನಿ ಅಮ್ಮ ಮುಂದೆ ಕೂತಳು. ಕುರ್ಚಿ ಕಿರ್ ಎಂದಿತು. ಕೈಯಿಲ್ಲದ್ದು, ಎಂದು ಗಿಣಿಗೆ ತಿಳಿಯಿತು. ಅದರ ಎಡಮೂಲೆಯ ಎಳೆ ಸ್ವಲ್ಪ ಸಡಿಲ, ಹೆಣೆಯುವಾಗ ಅವಳಿಗೆ ಹದಿನಾಲ್ಕು ವರ್ಷ.

ಗೊಂಚಲು ಮಾತಾಡಿದ. ದುಭಾಷಿ ತಿರುಗಿಸಿದ. ಮತ್ತೆ ಗೊಂಚಲು. ಆಫೀಸಿನ ಕಡೆಯಿಂದ ಬೀರು ತೆರೆದ ಸದ್ದು. ಪುಸ್ತಕ ಅವಳ ತೊಡೆಯ ಮೇಲೆ ಬಂತು.

"ಈ ಮಗು ಈಗ ತಮ್ಮ ಪುಸ್ತಕ ಓದುತ್ತಾಳೆ."

ಗಿಣಿ ಬೆರಳಿಟ್ಟಳು. ತುದಿ ಉರಿಯಿತು. ಉರಿಯ ಕೆಳಗೆ ಏನೋ ತಾಗಿತು. ತಾಗಿತು. ಮಸುಕಾಗಿ, ದೂರದಲ್ಲಿ ಯಾರೋ ಕೂಗಿದಂತೆ. ಆದರೆ ಸಾಲುಗಳು ಅರ್ಥಕ್ಕೆ ಸಿಗಲಿಲ್ಲ. ಪುಸ್ತಕ ತಲೆಕೆಳಗಿತ್ತು.

ಅವಳು ಪುಸ್ತಕ ಎತ್ತಿದಳು. ತಿರುಗಿಸಿ ನೇರ ಇಟ್ಟುಕೊಂಡಳು.

ಎಲ್ಲೋ ಕ್ಯಾಮರಾ ಒಮ್ಮೆ ಕ್ಲಿಕ್ ಎಂದಿತು.

"ಹ" ಎಂದಳು ಗಿಣಿ.

ಎಲ್ಲರೂ ಕಾದರು.

"ಹ. ಸ. ಉ. ಸು. ಹಸು."

"ಬೆಳಕು ಎಂದರೇನು" ಎಂದು ಗೊಂಚಲು ಹಿಂದಿನಿಂದ ಮೆಲ್ಲಗೆ ಎತ್ತಿಕೊಟ್ಟ.

"ಹಸು. ವ. ಇ. ವಿ. ನ. ಹಸುವಿನ." ಬೆವರು ಕುತ್ತಿಗೆಯಿಂದ ಹೊಸ ಬಟ್ಟೆಗೆ ಇಳಿಯುತ್ತಿತ್ತು. "ಹ. ಒ. ಹೊ."

"ಬೆಳಕು ಎಂದರೇನು ಎಂದು ನನಗೆ" ಎಂದ ಗೊಂಚಲು, ಈ ಸಲ ಸ್ವಲ್ಪ ಜೋರಾಗಿ. ಗಿಣಿಗೆ ಮರೆತಿದೆ ಎಂದುಕೊಂಡಿದ್ದ. ಅವನಿಗೆ ಬೇರೆ ಏನೂ ಹೊಳೆದಿರಲಿಲ್ಲ.

"ಹೊಟ್ಟೆ. ಹೊಟ್ಟೆಯ. ಹೊಟ್ಟೆಯಲ್ಲಿ."

ಹಿಂದೆ ನೆಲದ ಮೇಲೆ ಯಾರೋ ಕಿಸಕ್ಕೆಂದು ನಕ್ಕರು. "ಯಾರ ಹೊಟ್ಟೆಯೇ?" ಎಂದು ಚೋಟು ಪಿಸುಗುಟ್ಟಿದಳು. "ಹಸುವಿಂದು" ಎಂದು ಇನ್ನೊಬ್ಬ. ನಗು ಒಂದು ಸಾಲಿಗೆ ಹಬ್ಬಿತು. ದುಭಾಷಿ ಗಂಟಲು ಸರಿಮಾಡಿಕೊಂಡ. ಏನನ್ನು ತಿರುಗಿಸುವುದು ಎಂದು ಅವನಿಗೆ ತಿಳಿಯಲಿಲ್ಲ.

ಮುಂದಿನ ಪದದಲ್ಲಿ ಅವಳು ಸಿಕ್ಕಿಬಿದ್ದಳು. ಬೆರಳು ಮುಂದೆ ಹೋಯಿತು, ಹಿಂದೆ ಬಂತು. ಚುಕ್ಕಿ ಮೂರೋ, ನಾಲ್ಕೋ. ಮೂರಾದರೆ ಮ. ನಾಲ್ಕಾದರೆ ನ. ಎಂಟನೇ ವಯಸ್ಸಿನಲ್ಲಿ ನಿದ್ದೆಗಣ್ಣಲ್ಲೂ ತಪ್ಪದ ಅಕ್ಷರ.

"ಮಾ" ಎಂದಳು. "ಮಾಲ್ಕು."

ಈಗ ಹಿಂದೆ ದೊಡ್ಡ ನಗೆ ಬಂತು. ಅವಳ ಕಿವಿ ಬಿಸಿಯಾಯಿತು. ಈ ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವವಳು. ಐದು ವರ್ಷ ದಾನಿಗಳನ್ನು ಅಳಿಸಿದವಳು. ಹನ್ನೊಂದು ಸಾಲು ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದರೆ ಸಾಕು, ನಲ್ಲಿ ಬಿಟ್ಟ ಹಾಗೆ ಬರುತ್ತಿತ್ತು. ಫಾರಂ ಮೇಜಿನ ಮೇಲಿತ್ತು.

ಬೆರಳನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು. ಹಾಳೆ ಒದ್ದೆಯಾದಂತಾಯಿತು.

"ಮಾ ಅಲ್ಲ. ನಾ. ನಾಲ್ಕು" ಎಂದಳು. "ಹಸುವಿನ ಹೊಟ್ಟೆಯಲ್ಲಿ ನಾಲ್ಕು. ಕೋ. ಕೋಣೆ. ಕೋಣೆಗಳಿವೆ."

ಅಷ್ಟಕ್ಕೆ ಎಷ್ಟೋ ನಿಮಿಷ ಹಿಡಿದಿತ್ತು. ಮುಂದಿನ ಸಾಲಿನಲ್ಲಿ ಕುರ್ಚಿಗಳು ಚಡಪಡಿಸಿದವು. ಹಿಂದೆ ನಗು ನಿಂತುಹೋಗಿತ್ತು. ಯಾರೂ ಹೇಳಿಕೊಡದೆ, ಯಾರೂ ಬಾಯಿಪಾಠ ಮಾಡಿಸದೆ, ಒಂದು ಸಾಲು ಹಾಳೆಯಿಂದ ಎದ್ದು ಬಂದದ್ದು ಆ ಮಕ್ಕಳಲ್ಲಿ ಅರ್ಧ ಜನ ಮೊದಲ ಸಲ ಕೇಳುತ್ತಿದ್ದರು.

ದಾನಿ ಅಮ್ಮ ಏನೋ ಹೇಳಿದಳು, ಮೆದುವಾಗಿ. ದುಭಾಷಿ ಬಗ್ಗಿ ಹೇಳಿದ. "ಹೆದರಬೇಡ ಅಂತಿದ್ದಾರೆ ಅಮ್ಮಾವ್ರು. ನಿಧಾನ ಆದ್ರೂ ಪರವಾಗಿಲ್ಲವಂತೆ."

"ಹೆದರಿಲ್ಲ" ಎಂದಳು ಗಿಣಿ. ಮುಖವನ್ನು ಕುರ್ಚಿಯ ಕಿರ್ ಬಂದ ಕಡೆಗೆ ತಿರುಗಿಸಿದಳು. "ಅಮ್ಮಾವ್ರೇ, ನನಗೆ ಇಷ್ಟೇ ಓದೋಕೆ ಬರೋದು. ಮೊದಲು ಚೆನ್ನಾಗಿ ಬರ್ತಿತ್ತು. ಇಷ್ಟು ವರ್ಷ ನಿಮಗೆ ಓದಿದ್ದು ಓದಲ್ಲ, ಬಾಯಿಪಾಠ. ನೀವು ಕಳಿಸಿದ ಪುಸ್ತಕ ಬೀರೂಲಿದೆ. ನಾವು ಶೆಡ್ಡಲ್ಲಿದೀವಿ. ನೀವು ಕೂತಿದೀರಲ್ಲ ಆ ಕುರ್ಚಿ, ಅದು ನನ್ನ ಎಂಟನೇ ಕ್ಲಾಸು. ನಿಮ್ಮ ಪಕ್ಕದ್ದು ಒಂಬತ್ತನೇ ಕ್ಲಾಸು. ನನ್ನ ಓದಿನ ಮೇಲೆ ಕೂತಿದೀರಿ ನೀವು."

ಗೊಂಚಲಿನ ಬೀಗದಕೈಗಳು ಒಮ್ಮೆ ಝಣ್ ಎಂದು ಸುಮ್ಮನಾದವು. ಕೈಯಲ್ಲಿ ಹಿಡಿದುಕೊಂಡಿರಬೇಕು.

ದುಭಾಷಿ ಮಾತಾಡಿದ. ಅವಳ ಅಷ್ಟುದ್ದದ ಮಾತು ಅವನ ಬಾಯಲ್ಲಿ ನಾಲ್ಕು ಪದವಾಯಿತು. ಆಮೇಲೆ ಚಪ್ಪಾಳೆ. ಮುಂದಿನ ಸಾಲಿನಿಂದ, ಬೆಚ್ಚಗಿನ, ದೊಡ್ಡ ಚಪ್ಪಾಳೆ.

"ಏನು ಹೇಳಿದ್ರಿ ಅವರಿಗೆ?" ಎಂದಳು ಗಿಣಿ.

"ನೀನು ಹೇಳಿದ್ದನ್ನೇ ಹೇಳಿದೆ ಮಗು."

"ಸುಳ್ಳು. ನಾನು ಹೇಳಿದ್ದಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲ."

ದುಭಾಷಿ ನಕ್ಕ. ಅದನ್ನೂ ತಿರುಗಿಸಲಿಲ್ಲ. ಗೊಂಚಲು ಮುಂದೆ ಬಂದು, ಚಹಾ ತಯಾರಿದೆ, ದಯಮಾಡಿಸಬೇಕು ಎಂದ. ಕುರ್ಚಿಗಳು ಹಗುರಾದವು. ಹೂವಿನಂಥ ವಾಸನೆ ಹತ್ತಿರ ಬಂದು, ಒಂದು ಮೃದುವಾದ ಕೈ ಅವಳ ತಲೆಯ ಮೇಲೆ ಒಂದು ಗಳಿಗೆ ಇದ್ದು, ಹೋಯಿತು. ಗಿಣಿಯ ಅಂಗೈಯಲ್ಲಿ ಒಂದು ಚಾಕಲೇಟು ಉಳಿದಿತ್ತು. ಗಿಣಿ ಅದನ್ನು ನೆಲದ ಮೇಲಿಟ್ಟಳು. ಚೋಟು ಅದನ್ನು ಎತ್ತಿಕೊಂಡಳು. "ಕೋಪ ನಿಂದು, ಚಾಕಲೇಟಿಂದು ಅಲ್ವಲ್ಲ" ಎಂದಳು. ಆದರೆ ಬಿಚ್ಚಲಿಲ್ಲ.

ಮಕ್ಕಳನ್ನು ಹೊರಗೆ ಕಳಿಸಿದರು. ಗಿಣಿ ಏಳಲಿಲ್ಲ. ಕುರ್ಚಿಗಳನ್ನೂ ಹೊತ್ತುಕೊಂಡು ಹೋದರು. ನೆಲದ ಮೇಲೆ ಅವಳು, ತೊಡೆಯ ಮೇಲೆ ಪುಸ್ತಕ.

ಗೊಂಚಲು ಬಂದ. ಸದ್ದಿಲ್ಲದೆ ಬಂದ. ಮೊದಲ ಸಲ ಅವನು ಬಂದದ್ದು ಗೊತ್ತಾಗಲಿಲ್ಲ.

"ಪಕ್ಕದ ಕೋಣೇಲಿ ಚಹಾ ಕುಡೀತಿದ್ದಾರೆ. ಅದಕ್ಕೇ ಮೆತ್ತಗೆ ಮಾತಾಡ್ತಿದೀನಿ" ಎಂದ. "ಏನೂ ಆಗಿಲ್ಲ. ಅವರಿಗೆ ಒಂದಕ್ಷರ ಗೊತ್ತಾಗಿಲ್ಲ. ಹೋಗೋ ಮೊದಲು ವಿಡಿಯೋ ತೆಗೀತಾರೆ. ಮುಖ ತೊಳ್ಕೊಂಡು ಬಾ. ಹನ್ನೊಂದು ಸಾಲು ಹೇಳು. ನಿನ್ನ ಫಾರಂ ಇಲ್ಲೇ ಕೈಯಲ್ಲಿದೆ. ಕೇಳಿಸ್ತಾ?"

ಅವಳ ಕಿವಿಯ ಹತ್ತಿರ ಹಾಳೆಯನ್ನು ಅಲ್ಲಾಡಿಸಿದ. ತೆಳ್ಳಗಿನ, ಹೊರಗಿನವರ ಹಾಳೆ. ಅದರ ಮೇಲೆ ಚುಕ್ಕಿ ನಿಲ್ಲುವುದಿಲ್ಲ.

"ಸಂಜೆ ಐದಕ್ಕೆ ಮುಗೀತದೆ. ಮತ್ತೆ ಒಂದು ವರ್ಷ. ಯೋಚನೆ ಮಾಡು."

ಅವಳು ಯೋಚಿಸಿದಳು. ಎರಡು ವರ್ಷ, ಪಾತ್ರೆಗಳ ನಡುವೆ, ಅಡುಗೆ ಅಕ್ಕನ ಒದ್ದೆ ಕೈ ಹಾಳೆ ತಿರುವಿದ ಸದ್ದು. ಸಹಿ ಬಿದ್ದರೆ ಪರೀಕ್ಷೆ. ಬೀಳದಿದ್ದರೆ ಒರಗು ಕುರ್ಚಿ. ಹೇಳಿಬಿಡು ಎಂದಿತು ಒಂದು ಮನಸ್ಸು. ಹನ್ನೊಂದೇ ಸಾಲು. ಅಮ್ಮನಿಗೇ ಹೇಳಿದವಳು, ಇವರಿಗೆ ಹೇಳಿದರೆ ಏನು ಹೋಯಿತು.

ಅಮ್ಮನಿಗೇ ಹೇಳಿದ್ದೆ ಎಂಬುದರಲ್ಲೇ ಅವಳ ಯೋಚನೆ ನಿಂತಿತು.

"ಓದು ಅಂದ್ರೆ ಓದ್ತೀನಿ ಸಾರ್" ಎಂದಳು. "ಹೇಳಲ್ಲ."

"ಏನು ವ್ಯತ್ಯಾಸ?"

"ನಿಮಗೆ ಗೊತ್ತಾಗಲ್ಲ. ನಿಮಗೆ ಓದೋಕೆ ಬರಲ್ಲ."

"ಪುಸ್ತಕ ಕೊಡು" ಎಂದ.

"ಪುಟ ಮುಗಿದಿಲ್ಲ."

ಅವನು ಎಳೆದ. ಅವಳು ಪುಸ್ತಕವನ್ನು ಹೊಟ್ಟೆಗೆ ಒತ್ತಿ, ಮೇಲೆ ಬಗ್ಗಿ, ಎರಡು ತೋಳಿನಲ್ಲೂ ಬಿಗಿದಳು. ಮೂರು ವರ್ಷ ಬೆತ್ತ ಬಿಗಿದ ತೋಳು. ಅವನಿಗೆ ಅಲ್ಲಾಡಿಸಲಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಬಟ್ಟಲುಗಳು ಕಿಣಿಕಿಣಿ ಎನ್ನುತ್ತಿದ್ದವು. ಕೂಗುವಂತಿಲ್ಲ, ಹೊಡೆಯುವಂತಿಲ್ಲ.

"ಆಯ್ತು" ಎಂದ. ಹಾಳೆ ಮಡಚುವ ಸದ್ದು. ಎರಡು ಮಡಿಕೆ, ನಾಲ್ಕು ಮಡಿಕೆ, ಜೇಬು. "ನಾಳೆಯಿಂದ ಶೆಡ್ಡಲ್ಲೇ ಸಾಯಿ."

"ಶೆಡ್ಡಿಗೂ ಬರಲ್ಲ ಸಾರ್."

ಬೀಗದಕೈಗಳು ದೂರವಾದವು. ಸ್ವಲ್ಪ ಹೊತ್ತಿಗೆ ಪಕ್ಕದ ಕೋಣೆಯಿಂದ ಒಂದು ಚಿಕ್ಕ ದನಿ ಕೇಳಿಸಿತು. ಮೂರನೇ ಕ್ಲಾಸಿನ ಯಾವುದೋ ಹುಡುಗಿ. "ಬೆಳಕು ಎಂದರೇನು ಎಂದು ನನಗೆ" ಎನ್ನುತ್ತಿತ್ತು. ಇಷ್ಟು ಬೇಗ ಕಲಿಸಿದ್ದಾನೆ. ಅಥವಾ ಮೊದಲೇ ಕಲಿಸಿಟ್ಟಿದ್ದ. ನಾಲ್ಕನೇ ಸಾಲಿನಲ್ಲಿ ಆ ದನಿ ಕಟ್ಟಲಿಲ್ಲ. ಸರಾಗವಾಗಿ ಮುಂದೆ ಹೋಯಿತು.

ಗಿಣಿ ನ್ಯಾಯ ಸಿಗಲಿಲ್ಲವೆಂದು ಅಳಬಹುದಿತ್ತು. ಅತ್ತಳು. ಆದರೆ ಬೆರಳು ನಿಲ್ಲಲಿಲ್ಲ.

ಶೆಡ್ಡಿನ ಗಂಟೆ ಬಡಿಯಿತು. ಹೆಜ್ಜೆಗಳು ಎದ್ದವು, ಗೋಡೆ ಸವರಿಕೊಂಡು ಸಾಲಾಗಿ ಹೋದವು. ಹನ್ನೊಂದು ಜೊತೆ. ಆಮೇಲೆ ಒಂದು ಜೊತೆ ಹೆಜ್ಜೆ ಈ ಕಡೆಗೆ ಬಂತು, ಕಾಲೆಳೆಯುವ ಹೆಜ್ಜೆ.

"ಗಿಣೀ" ಎಂದ ಬೆತ್ತದಜ್ಜ ಬಾಗಿಲಲ್ಲಿ. "ಎಳೆ ಹೊರಗೆ ತೆಗೆದಾಗಿದೆ. ಒಣಗ್ತಿದೆ."

"ಒಣಗಲಿ ಅಜ್ಜ."

"ಒಣಗಿದ್ರೆ ಸೀಳತ್ತೆ."

"ಸೀಳಲಿ."

ಅವನು ನಿಂತೇ ಇದ್ದ. ಕೈಯಿಂದ ಬಾಗಿಲ ಚೌಕಟ್ಟು ತಡವುತ್ತಿದ್ದ. ಅದೇನು ಯೋಚಿಸಿದನೋ. ಮಂಡಿ ಲಟಕ್ಕೆಂದಿತು, ಇನ್ನೊಂದು ಲಟಕ್ಕೆಂದಿತು, ಅವನು ನೆಲದ ಮೇಲೆ ಅವಳ ಪಕ್ಕದಲ್ಲಿ ಕೂತ. ಅವನ ಮೈಯಿಂದ ತೊಟ್ಟಿಯ ನೀರಿನ ವಾಸನೆ ಬರುತ್ತಿತ್ತು.

"ಹಸು ಎಲ್ಲಿಗೆ ಬಂತು?" ಎಂದ.

"ಮೇವನ್ನ ಅಗೀದೆ ನುಂಗತ್ತಂತೆ."

"ಸರಿ. ನುಂಗಿತು. ಆಮೇಲೆ?"

"ತಡೀ ಅಜ್ಜ. ಬರ್ತಿದೆ." ಬೆರಳು ಸಾಲಿನ ಕೊನೆಗೆ ಹೋಗಿ ಕೆಳಗಿಳಿಯಿತು. ಚುಕ್ಕಿ ಮೂರೋ, ನಾಲ್ಕೋ. ಹಿಂದೆ ಬಂತು. ಮೂರು. "ಮ. ತ. ಒತ್ತು ತ. ಎ. ಮತ್ತೆ. ನುಂಗಿದ್ದನ್ನ ಮತ್ತೆ." ಉಸಿರು ಬಿಟ್ಟಳು. "ಮತ್ತೆ ಬಾಯಿಗೆ ತರತ್ತಂತೆ ಅಜ್ಜ."

ಶೆಡ್ಡಿನಲ್ಲಿ ಹನ್ನೊಂದು ಜನ ಎಳೆಗಾಗಿ ಕಾಯುತ್ತಿದ್ದರು. ಗಂಟೆ ಇನ್ನೊಮ್ಮೆ ಬಡಿಯಿತು. ಇಬ್ಬರೂ ಏಳಲಿಲ್ಲ.